ಹೊಸ್ತಿಲು ದಾಟಿಸುವ ರೆಕ್ಕೆ

ಬಹಳ ಹಿಂದೆ, ಹುಲಿಗೂ ಹಾವಿಗೂ ಮನುಷ್ಯರ ಮಾತು ಬರುತ್ತಿದ್ದ ಕಾಲದಲ್ಲಿ, ಹುಣಿಸೆಪಟ್ಟಣ ಅಂತ ಒಂದು ರಾಜ್ಯವಿತ್ತು. ಹೊನ್ನರಸ ಅಂತ ಅದರ ರಾಜ. ಒಳ್ಳೆಯವನೇ, ಆದರೆ ಮೊಂಡ. ಇದ್ದ ಒಬ್ಬಳೇ ತಂಗಿಯನ್ನು ಪಕ್ಕದ ಸೀಮೆಗೆ ಕೊಟ್ಟಿದ್ದ. ಯಾವುದೋ ಮದುವೆಯಲ್ಲಿ ಮೊದಲ ತಾಂಬೂಲ ಯಾರಿಗೆ ಅಂತ ಮಾತಿಗೆ ಮಾತು ಬೆಳೆದು, ಅಣ್ಣತಂಗಿ ಮುಖ ನೋಡುವುದನ್ನೇ ಬಿಟ್ಟಿದ್ದರು. ಅದು ಹಾಗಿರಲಿ, ಆಮೇಲೆ ಬರುತ್ತದೆ.

ಆ ರಾಜ್ಯದವರಿಗೆ ಅತಿಥಿ ಅಂದರೆ ಪ್ರಾಣ. ಬಂದವರಿಗೆ "ಬನ್ನಿ" ಅನ್ನಬೇಕು, "ಹೋಗಿ" ಅನ್ನುವ ಹಾಗಿಲ್ಲ. ಹಾಗಾದರೆ ಬಂದ ನೆಂಟ ಬೇರು ಬಿಟ್ಟು ಕೂತರೆ ಏನು ಗತಿ? ಅದಕ್ಕೊಂದು ದಾರಿ ಇತ್ತು. ಊಟದ ಹೊತ್ತಿಗೆ ಅವನ ಎಲೆಗೆ ಕೋಳಿಯ ರೆಕ್ಕೆ ಬಡಿಸುತ್ತಿದ್ದರು. ಹಾರುವ ಹೊತ್ತಾಯಿತು ಅಂತ ನೆಂಟನಿಗೆ ಅರ್ಥವಾಗುತ್ತಿತ್ತು. ಅರ್ಥವಾಗದಿದ್ದರೂ ಚಿಂತೆಯಿರಲಿಲ್ಲ. ಆ ನೆಲದ ಗುಣವೇ ಹಾಗೆ: ರೆಕ್ಕೆ ತಿಂದವರ ಕೈ ಒದ್ದೆಯಿರುವಷ್ಟು ಹೊತ್ತು ಕಾಲು ಸುಮ್ಮನಿರುತ್ತಿತ್ತು. ಕೈ ಒಣಗಿತೋ, ಕಾಲು ತಾನಾಗಿಯೇ ಎದ್ದು ಹೊಸ್ತಿಲು ದಾಟುತ್ತಿತ್ತು. ಇನ್ನೊಂದು ಮನೆಯವರು "ಬಾ" ಅಂದು ಮುದ್ದೆ ಇಕ್ಕುವವರೆಗೆ ಆ ಕಾಲು ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಗುಡಾಣಮಲ್ಲ ಅನ್ನುವ ಮಾಂತ್ರಿಕ ಅರಮನೆಗೆ ಬಂದ. ಹೊಟ್ಟೆ ಗುಡಾಣದ ಹಾಗೆ, ಗಡ್ಡ ಕಸಬರಿಗೆಯ ಹಾಗೆ. "ಅತಿಥಿ ಬಂದಿದ್ದೀನಿ" ಅಂದ. "ಬನ್ನಿ" ಅಂದ ರಾಜ. ಅಷ್ಟೇ! ನಡುಮನೆಯಲ್ಲಿ ಚಾಪೆ ಹಾಸಿ ಕೂತವನು ಏಳಲೇ ಇಲ್ಲ. ಬೆಳಗ್ಗೆ ಕೋಳಿ, ಮಧ್ಯಾಹ್ನ ಕೋಳಿ, ಸಂಜೆ ಕೋಳಿ. ರಾಜಕುಮಾರನಿಗೆ ಮಾಡಿದ ಕೋಳಿಯೂ ಅವನ ಎಲೆಗೇ. ಎದೆ, ಕಾಲು, ಈಲಿ, ಗುಂಡಿಗೆ, ಎಲ್ಲಾ ಬೇಕು. ರೆಕ್ಕೆ ಮಾತ್ರ ಬೇಡ. ಯಾಕೆಂದರೆ ಅವನ ಮಂತ್ರಕ್ಕೆ ಒಂದು ಕಟ್ಟು ಇತ್ತು. ಅತಿಥಿಯಾಗಿ ಕೂತ ಮನೆಯೊಳಗೆ ಮಾತ್ರ ಅದು ನಡೆಯುವುದು. ಆ ಮನೆಯ ಹೊಸ್ತಿಲು ದಾಟಿದರೆ ಮಾಡಿದ ಮಾಟವೆಲ್ಲಾ ಬಿಸಿಲಿಗಿಟ್ಟ ಬೆಣ್ಣೆ. ಇದು ಅವನಿಗೂ ಗೊತ್ತು, ಊರಿಗೂ ಗೊತ್ತು.

ಅರಮನೆಯ ಅಡುಗೆಯವರು ಒಬ್ಬೊಬ್ಬರಾಗಿ ಅವನಿಗೆ ರೆಕ್ಕೆ ಬಡಿಸಿ ನೋಡಿದರು. ಅವನು ಮೂಸಿ ನೋಡಿ "ಥೂ! ಇದನ್ನ ನಾಯಿಗೆ ಹಾಕು" ಅಂದು, ಬಡಿಸಿದವರ ಕಡೆ ಒಂದು ಚಿಟಿಕೆ ಹೊಡೆಯುತ್ತಿದ್ದ. ಬಡಿಸಿದವನು ಅಲ್ಲೇ ಕೊಕ್ಕೊಕ್ಕೋ ಅನ್ನುತ್ತಾ ಹುಂಜವಾಗಿ ಗೂಡು ಸೇರುತ್ತಿದ್ದ.

ಕೊನೆಗೆ ಉಳಿದವನು ಮಾಯಿಗ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವನ ಹೆಂಡತಿ ದೇವೀರಿ, ಸೋದರಮಾವನ ಮಗಳು, ಬಾಯಿ ಜೋರು, ಮನಸ್ಸು ಮೆತ್ತಗೆ. ಅವನನ್ನು ಬಾಯಿತುಂಬಾ "ಮಾವ" ಅಂತ ಕರೆಯುತ್ತಿದ್ದಳು. ಮಾಯಿಗನೂ ಹೋಗಿ ರೆಕ್ಕೆ ಬಡಿಸಿದ. ಅವನಿಗೂ ಚಿಟಿಕೆ ಬಿತ್ತು.

ದೇವೀರಿ ಗೂಡಿಗೆ ಓಡಿ ಬಂದಳು. ನೋಡಿದರೆ ಗೂಡಿನ ತುಂಬಾ ಹುಂಜಗಳು. ಇದರಲ್ಲಿ ಗಂಡ ಯಾವುದು? ಮಾಯಿಗನಿಗೆ ಒಣಮೆಣಸಿನಕಾಯಿ ಹುರಿದ ಘಾಟು ಆಗುತ್ತಿರಲಿಲ್ಲ. ಅಡುಗೆಯವನಾಗಿ ನಾಚಿಕೆಗೇಡು ಅಂತ ಅವಳು ದಿನಾ ರೇಗಿಸುತ್ತಿದ್ದಳು. ಈಗ ಅವಳು ಒಂದು ಹಿಡಿ ಮೆಣಸಿನಕಾಯಿ ಹುರಿದು ಗೂಡಿನ ಮುಂದೆ ಹಿಡಿದಳು. ಕೆಂಪು ಜುಟ್ಟಿನ ಹುಂಜವೊಂದು ಕತ್ತು ಓರೆ ಮಾಡಿ "ಆಕ್ಷೀ!" ಅಂತು.

"ಅಯ್ಯೋ ನನ್ನ ಮಾವ!" ಅಂತ ಅದನ್ನು ಎದೆಗವಚಿಕೊಂಡು ಅತ್ತಳು. ಹುಂಜ ಅವಳ ಸೆರಗಿನಲ್ಲಿ ಮುಖ ಹುದುಗಿಸಿತು.

ಅಷ್ಟು ಹೊತ್ತಿಗೆ ನಡುಮನೆಯಿಂದ ಗುಡಾಣಮಲ್ಲನ ಕೂಗು ಕೇಳಿಸಿತು. "ಅರಮನೆ ಕೋಳಿ ಮುಗೀತಾ ಬಂತು. ಆ ಗೂಡಿನ ಹುಂಜಗಳನ್ನ ತೆಗೀರಿ. ಯುಗಾದಿ ಮಾರನೆ ದಿನ ಹೊಸತೊಡಕಿಗೆ ಮೊದಲು ಆ ಕೆಂಪು ಜುಟ್ಟಿನದು ನನ್ನ ಎಲೆಗೆ ಬರಬೇಕು!"

ದೇವೀರಿಯ ಕಣ್ಣೀರು ಅಲ್ಲೇ ನಿಂತಿತು. ಅಳುವುದಕ್ಕೆ ಪುರುಸೊತ್ತೆಲ್ಲಿ? ಅವನು ರೆಕ್ಕೆ ತಿಂದರೆ ತಾನೆ ಹೊಸ್ತಿಲು ದಾಟುವುದು, ಅವನು ದಾಟಿದರೆ ತಾನೆ ಮಾವ ಮನುಷ್ಯನಾಗುವುದು? ಹಾಗಾದರೆ ಅವನು ಬೇಡ ಅನ್ನಲಾರದಂಥ ರೆಕ್ಕೆ ಮಾಡಬೇಕು. ಹಿತ್ತಿಲಿನಲ್ಲಿ ಅವನು ಬಿಸಾಡಿಸಿದ ರೆಕ್ಕೆಗಳ ರಾಶಿಯೇ ಬಿದ್ದಿತ್ತು. ಗಂಡ ಬಡಿಸಿದ್ದ ರೆಕ್ಕೆ ಪಾತ್ರೆಯಲ್ಲಿ ಇನ್ನೂ ಉಳಿದಿತ್ತು. ಅದನ್ನು ಎತ್ತಿಕೊಂಡು ಕಚ್ಚಿದಳು.

ಹುಣಿಸೆಪಟ್ಟಣದಲ್ಲಿ ಅಡುಗೆಯವರಾರೂ ಹಾಗೆ ಮಾಡಿದ್ದಿಲ್ಲ. ರುಚಿ ನೋಡಿದರೆ ಮನೆ ಬಿಡಬೇಕು, ಯಾರು ನೋಡುತ್ತಾರೆ? ಜೊತೆಗೆ, ಎಬ್ಬಿಸಿ ಕಳಿಸುವ ಊಟಕ್ಕೆ ಮಸಾಲೆ ಅರೆಯುವ ದಡ್ಡರಾರು? ತಲೆತಲಾಂತರದಿಂದ ರೆಕ್ಕೆಯನ್ನು ಬಿಸಿನೀರಿಗೆ ಎಸೆದು, ಬೆಂದಷ್ಟು ಬೇಯಲಿ ಅಂತ ಬಿಡುತ್ತಿದ್ದರು.

ದೇವೀರಿ ಅಗಿದಳು. ಮತ್ತೂ ಅಗಿದಳು. ಮಳೆಯಲ್ಲಿ ನೆನೆದ ಚಪ್ಪಲಿಯ ಹಾಗಿತ್ತು.

"ಅಯ್ಯೋ ಮಾವ," ಅಂದಳು ಹುಂಜಕ್ಕೆ, "ಇದನ್ನ ಬಡಿಸಿದ್ದಕ್ಕೆ ನಿನ್ನ ಹುಂಜ ಮಾಡಿದ್ದು ಕಮ್ಮಿನೇ ಆಯ್ತು ಬಿಡು!"

ಹುಂಜ ಮುಖ ತಿರುಗಿಸಿತು. ದೇವೀರಿ ರಾಶಿಯಲ್ಲಿದ್ದ, ಅವತ್ತೇ ಕೊಯ್ದ ಹಸಿ ರೆಕ್ಕೆಗಳನ್ನು ಆರಿಸಿ, ಉಪ್ಪು ಅರಿಶಿನ ಹಚ್ಚಿ ಬುಟ್ಟಿಗೆ ತುಂಬಿದಳು. ಅಷ್ಟರಲ್ಲಿ ಕೈ ಒಣಗಿತು, ಕಾಲು ಎದ್ದಿತು. "ಹೊಸತೊಡಕಿಗೆ ಬರ್ತೀನಿ ಮಾವ, ಯಾರ ಕೈಗೂ ಸಿಗಬೇಡ!" ಅಂತ ಕೂಗುತ್ತಲೇ ಊರಾಚೆಗೆ ನಡೆದಳು.

ನಡೆದೂ ನಡೆದೂ ಒಂದು ಸುಟ್ಟ ಕಾಡಿಗೆ ಬಂದಳು. ಅಲ್ಲೊಂದು ಬೆಂಕಿಹುಲಿ ಇತ್ತು. ಮೈಯೆಲ್ಲಾ ಕೆಂಡ, ಬಾಯಿ ತೆರೆದರೆ ಜ್ವಾಲೆ.

"ಯಾರೇ ಅದು ನನ್ನ ಕಾಡಲ್ಲಿ?" ಅಂತ ಗರ್ಜಿಸಿತು.

"ನಾನು ಕಣಣ್ಣ, ದೇವೀರಿ. ರೆಕ್ಕೆ ಬೇಯಿಸಬೇಕು, ಒಂಚೂರು ಬೆಂಕಿ ಕೊಡು."

"ರುಚಿಯಾದರೆ ಬಿಡ್ತೀನಿ, ಕೆಟ್ಟರೆ ನಿನ್ನನ್ನೇ ತಿಂತೀನಿ" ಅಂದಿತು ಹುಲಿ.

ದೇವೀರಿ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಳು, ಕಾಲು ಸುಮ್ಮನಾಯಿತು. ಹುಲಿ ಒಮ್ಮೆ ಉಸಿರು ಬಿಟ್ಟಿತು. ರೆಕ್ಕೆ ಹೊರಗೆ ಇದ್ದಿಲು, ಒಳಗೆ ಹಸಿ. ಇನ್ನೊಮ್ಮೆ ಬಿಟ್ಟಿತು. ರೆಕ್ಕೆ ಬೂದಿ. ಹುಲಿಗೆ ಕೋಪ ಬಂತು.

"ಅಣ್ಣಾ, ನೀನು ಆರ್ಭಟ ಮಾಡಿದರೆ ಅದು ಹೇಗೆ ಬೆಂದೀತು? ಎಷ್ಟು ದಿನ ಆಯ್ತು ನೀನು ನಿದ್ದೆ ಮಾಡಿ?"

ಹುಲಿ ಬಾಲ ಮಡಚಿ ಕೂತಿತು. "ನನ್ನ ಕಂಡರೆ ಎಲ್ಲಾ ಓಡ್ತಾರೆ. ಮಲಗು ಅಂದೋರು ಯಾರೂ ಇಲ್ಲ" ಅಂದಿತು.

"ಮಲಗು ನನ್ನಪ್ಪ" ಅಂತ ದೇವೀರಿ ಲಾಲಿ ಹಾಡಿದಳು. ಹುಲಿ ಮಲಗಿ ಗೊರಕೆ ಹೊಡೆಯಿತು. ಗೊರಕೆಯ ಉಸಿರು ಹದವಾದ ಕೆಂಡದ ಕಾವಿನ ಹಾಗೆ ಬರುತ್ತಿತ್ತು. ಆ ಕಾವಿನ ಮೇಲೆ ರೆಕ್ಕೆ ಇಟ್ಟು, ತಿರುವಿ, ಮತ್ತೆ ತಿರುವಿ, ಚರ್ಮದ ಕೊಬ್ಬು ತೊಟ್ಟಿಕ್ಕಿ ಗರಿಗರಿಯಾಗುವ ತನಕ ಕಾದಳು. ಏಳುವ ಹೊತ್ತಿಗೆ ಹುಲಿ ಜೊಲ್ಲು ಸುರಿಸುತ್ತಿತ್ತು. ಒಂದು ತಿಂದು, "ಬೆಂದಿರೋದು ಚೆನ್ನಾಗಿದೆ ಕಣವ್ವ, ಆದರೆ ರುಚಿ ಸಪ್ಪೆ. ಹುಣಿಸೆತೋಪಿನ ಹಾವಿನ ಹತ್ರ ಹೋಗು" ಅಂದು, ಎಂದೂ ಉರಿದೇಳದ, ಎಂದೂ ಆರದ ಒಂದು ಕೆಂಡ ಕೊಟ್ಟಿತು.

ದೇವೀರಿಯೂ ಒಂದು ರೆಕ್ಕೆ ತಿಂದು ನೋಡಿದಳು, ಹೌದು ಸಪ್ಪೆ. ಕಾಲು ಮತ್ತೆ ಎದ್ದಿತು.

ಹುಣಿಸೆತೋಪಿನಲ್ಲಿ ಏಳು ಹೆಡೆಯ ಹಾವು ಮರಕ್ಕೆ ಸುತ್ತಿಕೊಂಡು ಕೂತಿತ್ತು. ರೆಕ್ಕೆ ಕಂಡದ್ದೇ ಹೆಡೆಗಳೆಲ್ಲಾ ಒಟ್ಟಿಗೆ ಮಾತಾಡಿದವು. ಒಂದು "ಹುಳಿ ಹಾಕು" ಅಂತು. ಒಂದು "ಬೆಲ್ಲ ಹಾಕು" ಅಂತು. ಒಂದಕ್ಕೆ ಒಣಮೆಣಸಿನಕಾಯಿ ಬೇಕು, ಒಂದಕ್ಕೆ ಕಾಳುಮೆಣಸು ಬೇಕು. ಒಂದಕ್ಕೆ ಬೆಳ್ಳುಳ್ಳಿಯಿಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ. ಇನ್ನೊಂದು ಉಪ್ಪು ಅಂದರೆ ಉಪ್ಪು. ಹೆಚ್ಚುಕಮ್ಮಿಯಾದರೆ ನುಂಗಿಬಿಡುತ್ತೇವೆ ಅಂತ ಒಟ್ಟಿಗೆ ಬುಸುಗುಟ್ಟಿದವು. ಅತ್ತೆ ನಾದಿನಿಯರಿರುವ ಮನೆಗೆ ಸೊಸೆ ಹೊಕ್ಕ ಹಾಗಾಯಿತು ದೇವೀರಿಗೆ.

"ಸುಮ್ನಿರ್ರಪ್ಪ!" ಅಂತ ಗದರಿದಳು. ಹುಣಿಸೆಹಣ್ಣು ಕಿವುಚಿ, ಬೆಲ್ಲ ಕರಗಿಸಿ, ಉಳಿದದ್ದನ್ನು ಕಲ್ಲಿನ ಮೇಲೆ ಅರೆದು, ಎಲ್ಲಾ ಕೂಡಿಸಿ ಕೆಂಡದ ಮೇಲೆ ಕುದಿಸಿ ಗಟ್ಟಿ ಮಾಡಿದಳು. ಅದರಲ್ಲಿ ಬೆಂದ ರೆಕ್ಕೆ ಹೊರಳಿಸಿದಳು. ಕುದಿಯುವಾಗಲೇ ಹೊರಳಿಸಿದರೆ ಗರಿಗರಿ ಹೋಗುತ್ತಿತ್ತು, ತಣ್ಣಗಾದ ಮೇಲೆ ಹೊರಳಿಸಿದರೆ ಹಿಡಿಯುತ್ತಿರಲಿಲ್ಲ. ಸಾಕಷ್ಟು ಕೆಡಿಸಿ, ಬೈಸಿಕೊಂಡು, ಕೊನೆಗೆ ಹದ ಕಂಡುಕೊಂಡಳು. ಆರು ಹೆಡೆಗಳು ತಿಂದು ತಲೆದೂಗಿದವು. ಏಳನೆಯದು ಮಾತ್ರ "ಊಹೂಂ" ಅಂತು.

"ನಿನಗೇನು ಕಮ್ಮಿ ಆಯ್ತಪ್ಪ?"

"ನನಗೆ ಇನ್ನೂ ಕೊಟ್ಟೇ ಇಲ್ಲವಲ್ಲೇ!" ಅಂತು ಏಳನೆಯ ಹೆಡೆ. "ಯಾವಾಗಲೂ ಹೀಗೇ. ಈ ಆರೂ ನನ್ನ ಕಣ್ಣೆದುರು ಚಪ್ಪರಿಸ್ತಾವೆ. ಮೊದಲೇ ಕೊಟ್ಟಿದ್ದರೆ ಒಂದು ರೆಕ್ಕೆ ಸಾಕಿತ್ತು. ನೋಡಿ ನೋಡಿ ಈಗ ಬುಟ್ಟಿನೇ ನುಂಗೋ ಹಸಿವು!"

ಅಂದದ್ದೇ ತಡ, ಗಬಕ್ಕನೆ ಬುಟ್ಟಿಯಲ್ಲಿದ್ದ ರೆಕ್ಕೆಗಳನ್ನೆಲ್ಲಾ ನುಂಗಿಬಿಟ್ಟಿತು.

ದೇವೀರಿ ಖಾಲಿ ಬುಟ್ಟಿ ನೋಡಿದಳು. ಅಳು ಬರಬೇಕಿತ್ತು, ಆದರೆ ಬಂದದ್ದು ನಗು. "ಎಲಾ ಇದರ! ಬೇಕಾದ ಬುದ್ಧಿ ನಿನ್ನಿಂದ ಸಿಕ್ತು ನಾಗಪ್ಪ" ಅಂದಳು. ಏನು ಬುದ್ಧಿ ಅಂತ ಹಾವಿಗೂ ಹೇಳಲಿಲ್ಲ, ನಾನೂ ಈಗ ಹೇಳುವುದಿಲ್ಲ. ಹಾವಿಗೆ ನಾಚಿಕೆಯಾಗಿ, ಒಂದು ಕುಡಿಕೆ ತುಂಬಾ ಹುಣಿಸೆಹಣ್ಣು ಕೊಟ್ಟು, "ಗಾಳಿಬೆಟ್ಟದ ತುದೀಲಿ ರಾಕ್ಷಸಿ ಅಜ್ಜಿ ಇದ್ದಾಳೆ. ಅವಳ ಹತ್ರ ಕೋಳಿ ಕೇಳು" ಅಂತ ದಾರಿ ತೋರಿಸಿತು.

ಗಾಳಿಬೆಟ್ಟದ ಅಜ್ಜಿ ತಾಳೆಮರದಷ್ಟು ಎತ್ತರ, ಕೋರೆಹಲ್ಲು ಒನಕೆಯಷ್ಟು ದಪ್ಪ. ಅವಳ ಕೋಳಿಗಳು ಬೆಟ್ಟದಿಂದ ಬೆಟ್ಟಕ್ಕೆ ಹದ್ದಿನ ಹಾಗೆ ಹಾರುತ್ತಿದ್ದವು. ದೇವೀರಿಯನ್ನು ಕಂಡು ಅಜ್ಜಿ ಕಣ್ಣರಳಿಸಿದಳು.

"ಅಯ್ಯಯ್ಯೋ, ನೆಂಟರು ಬಂದವ್ರೆ! ಬಾ ಕೂಸೆ, ಬಾ!" ಅಂದವಳೇ ಬಂಡಿಚಕ್ರದಷ್ಟು ದೊಡ್ಡ ಮುದ್ದೆ ತಿರುವಿ ಇಕ್ಕಿದಳು. ದೇವೀರಿ ಉಂಡಳು, ಮನೆ ಬಿಟ್ಟ ಕಾಲು ಮೊದಲ ಸಲ ನಿಂತಿತು. ಅಜ್ಜಿ ಕೋಳಿಗಳನ್ನು ಹಿಡಿದು ಮಂಕರಿ ತುಂಬಿದಳು. "ಹಾರದ ಕೋಳಿಯ ರೆಕ್ಕೆ ಬರೀ ಅಲಂಕಾರ ಕೂಸೆ. ಹಾರಿದ್ದರಲ್ಲಿ ನೋಡು ರುಚಿ ಇರೋದು" ಅಂದಳು. ಎಲ್ಲಾ ಆಯಿತು. ಆಮೇಲೆ ಬಾಗಿಲಿಗೆ ಅಡ್ಡ ಕೂತಳು.

"ಇನ್ನು ನೀನು ಎಲ್ಲಿಗೂ ಹೋಗೋ ಹಾಗಿಲ್ಲ. ಈ ಬೆಟ್ಟಕ್ಕೆ ನೆಂಟರು ಅಂತ ಬಂದೋಳು ನೀನೊಬ್ಬಳೇ."

"ಅಜ್ಜಿ, ನನ್ನ ಗಂಡ ಗೂಡಲ್ಲಿದ್ದಾನೆ. ನಾಳೆ ಯುಗಾದಿ, ನಾಡಿದ್ದು ಅವನ ಕುತ್ತಿಗೆಗೆ ಕತ್ತಿ."

"ನನಗ್ಯಾರಿದ್ದಾರೆ?" ಅಂತ ಅಜ್ಜಿ ಗೊಳೋ ಅಂತ ಅತ್ತಳು. ಆ ಕಣ್ಣೀರಿಗೆ ಒಲೆಯೇ ಆರಿಹೋಯಿತು.

ದೇವೀರಿಗೆ ಕರುಳು ಚುರ್ ಅಂತು. "ಅಜ್ಜಿ, ನಿನ್ನ ಕೈಯಾರೆ ನನಗೊಂದು ರೆಕ್ಕೆ ಸುಟ್ಟುಕೊಡು" ಅಂದಳು. ತಮ್ಮ ಊರಿನ ರೆಕ್ಕೆಯ ಪದ್ಧತಿ ಹೇಳಿದಳು.

"ಥೂ, ನೆಂಟರಿಗೆ ಏಳು ಅಂತ ರೆಕ್ಕೆ ಇಕ್ಕೋದಾ? ಅಂಥ ಅವಮಾನ ನಾನು ಮಾಡಲ್ಲ!"

"ಅವಮಾನ ಯಾಕಜ್ಜಿ? ಹಕ್ಕಿಗೆ ರೆಕ್ಕೆ ಇರೋದು ಹೋಗೋಕೆ ಮಾತ್ರವಾ? ಸಂಜೆ ಗೂಡಿಗೆ ಬರೋದೂ ಅದೇ ರೆಕ್ಕೆ ಬಡಿದುಕೊಂಡು ತಾನೆ? ಮಾವನ್ನ ಕರ್ಕೊಂಡು ಬರ್ತೀನಿ, ಇದು ಆಣೆ."

ಅಜ್ಜಿ ಮೂಗು ಒರೆಸಿಕೊಂಡು ಒಂದು ರೆಕ್ಕೆ ಸುಟ್ಟುಕೊಟ್ಟಳು. ಮಂಕರಿಗೆ "ಉಫ್" ಅಂದಳು. ಮಂಕರಿ ಅರಳೆಯಷ್ಟು ಹಗುರವಾಯಿತು. ದೇವೀರಿ ಒಂದೇ ಉಸಿರಿಗೆ ಬೆಟ್ಟ ಇಳಿದಳು.

ಯುಗಾದಿಯ ಸಂಜೆ ಅರಮನೆ ಮುಟ್ಟಿದಳು. "ಬಾರವ್ವ" ಅಂತ ರಾಜ ತಾನೇ ಮುದ್ದೆ ಇಕ್ಕಿಸಿದ. ಅವಳು ಉಪಾಯ ಹೇಳಿದಾಗ ಹೌಹಾರಿದ.

"ಅರಮನೆಯವರೆಲ್ಲಾ ರೆಕ್ಕೆ ತಿನ್ನೋದಾ? ತಿಂದ ಮೇಲೆ ನಾವೆಲ್ಲಾ ಹೊಸ್ತಿಲು ದಾಟಬೇಕಲ್ಲ! ನಾನೆಲ್ಲಿಗೆ ಹೋಗಲಿ?"

"ಬುದ್ಧಿ, ಹೋಗಬೇಕಾಗಿದ್ದೂ ಹೋಗದೆ ಬಿಟ್ಟ ಮನೆ ಎಲ್ಲರಿಗೂ ಒಂದಿರುತ್ತೆ. ತಮಗಿಲ್ವಾ?"

ರಾಜನಿಗೆ ತಂಗಿಯ ಮುಖ ನೆನಪಾಯಿತು. ಆಮೇಲೆ "ಬಡಿಸವ್ವ" ಅಂದ.

ಹೊಸತೊಡಕಿನ ಮಧ್ಯಾಹ್ನ ನಡುಮನೆಯಲ್ಲಿ ಪಂಕ್ತಿ ಹಾಕಿದರು. ಗೌರವದ ಜಾಗದಲ್ಲಿ ಗುಡಾಣಮಲ್ಲ, ಪಕ್ಕದಲ್ಲಿ ರಾಜ, ಆಮೇಲೆ ರಾಣಿ, ಮಂತ್ರಿ, ದಂಡಿನವರು, ದಾಸಿಯರು, ಎಲ್ಲರೂ. ಮಾಂತ್ರಿಕನ ಎಲೆಗೆ ಎದೆ, ಕಾಲು, ಈಲಿ, ಗುಂಡಿಗೆ, ಸಾರು, ಮುದ್ದೆ. ಉಳಿದ ಎಲ್ಲಾ ಎಲೆಗೂ ರೆಕ್ಕೆ! ಹದವಾದ ಕೆಂಡದಲ್ಲಿ ಬೆಂದು, ಹುಳಿ ಬೆಲ್ಲ ಖಾರದಲ್ಲಿ ಹೊರಳಿ, ಮಿರಿಮಿರಿ ಮಿಂಚುವ ರೆಕ್ಕೆ. ಆ ಘಮಕ್ಕೆ ಗೋಡೆಯ ಮೇಲಿನ ಚಿತ್ರದ ಹುಲಿಗಳೂ ನಾಲಿಗೆ ಚಾಚಿದವು.

"ಕೆಂಪು ಜುಟ್ಟಿನ ಹುಂಜ ಎಲ್ಲಿ?" ಅಂದ ಗುಡಾಣಮಲ್ಲ.

"ಎರಡನೇ ಸಲ ಬಡಿಸುವಾಗ ಬರುತ್ತೆ ಸ್ವಾಮಿ. ಮೊದಲು ಇದು ಉಣ್ಣಿ" ಅಂದಳು ದೇವೀರಿ. ಇದು ತಪ್ಪಿದರೆ ಎರಡನೇ ಸಲಕ್ಕೆ ಮಾವನೇ.

ಎಲ್ಲರೂ ತಿನ್ನಲು ಶುರುಮಾಡಿದರು. ರಾಣಿ ಕಣ್ಣು ಮುಚ್ಚಿಕೊಂಡಳು. ಮಂತ್ರಿ ಮೀಸೆಗೂ ಮಸಾಲೆ ಮೆತ್ತಿಕೊಂಡು "ಅಬ್ಬಬ್ಬಾ" ಅಂದ. ದಂಡಿನವರು ಮೂಳೆ ಚೀಪುವ ಸದ್ದಿಗೆ ಬೇರೆ ಮಾತೇ ಕೇಳಿಸುತ್ತಿರಲಿಲ್ಲ. ಎಲೆಯ ಮುಂದೆ ಎಲ್ಲರ ಕಾಲೂ ಏಳಲು ಕಾಯುತ್ತಿತ್ತು. ಆದರೆ ಕೈ ಒಣಗಬಾರದಲ್ಲ, ಹಾಗಾಗಿ ಒಂದಾದ ಮೇಲೆ ಒಂದು ತಿನ್ನುತ್ತಲೇ ಇದ್ದರು. ಕಷ್ಟವೇನೂ ಆಗಲಿಲ್ಲ.

ಗುಡಾಣಮಲ್ಲ ತನ್ನ ಕಾಲಿನ ತುಂಡು ಕಚ್ಚಿದ, ಕೆಳಗಿಟ್ಟ. ಆಚೀಚೆ ನೋಡಿದ.

"ಏನೇ, ನನಗ್ಯಾಕೆ ಇದು ಬಡಿಸಲಿಲ್ಲ?"

ದೇವೀರಿ ಕೆನ್ನೆ ಕೆನ್ನೆ ಬಡಿದುಕೊಂಡಳು. "ಶಿವಶಿವಾ! ತಮಗೆ ರೆಕ್ಕೆ ಬಡಿಸೋದಾ ಸ್ವಾಮಿ? ತಾವು ಇನ್ನೂ ಇರಬೇಕಾದೋರು. ಬೇಡಿ, ಕೇಳಲೂಬೇಡಿ."

ಅವನಿಗೆ ಇದು ಯಾಕೆ ಅಂತ ಗೊತ್ತಾಗದೆ ಏನಿಲ್ಲ. ಮಂತ್ರವಾದಿಯೇ, ಮಂಕಲ್ಲ. ಗೊತ್ತಿದ್ದೂ ಬಾಯಲ್ಲಿ ನೀರು ಕೆರೆಯಾಯಿತು. ರಾಜನ ಎಲೆಯ ಕಡೆ ಕೈ ಚಾಚಿ, "ಬರೀ ಮಸಾಲೆ ನೆಕ್ಕಿದರೆ ರೆಕ್ಕೆ ತಿಂದ ಹಾಗಾಗುತ್ತಾ? ಆಗಲ್ಲ" ಅಂತ ತನಗೆ ತಾನೇ ಹೇಳಿಕೊಂಡು ಒಂದನ್ನು ಎತ್ತಿ ನೆಕ್ಕಿದ. ಕಣ್ಣಲ್ಲಿ ನೀರು ಬಂತು. "ಬರೀ ಚರ್ಮ ಕಚ್ಚಿದರೆ ತಿಂದ ಹಾಗಾಗುತ್ತಾ? ಆಗಲ್ಲ" ಅಂತ ಚರ್ಮ ಕಚ್ಚಿದ. ಕರುಂ ಅಂತು. "ಮೂಳೆ ಬಿಟ್ಟರೆ ಪೂರ್ತಿ ತಿಂದ ಹಾಗೆ ಎಲ್ಲಾಗುತ್ತೆ?" ಅಂದ. ಆದರೆ ಆ ಮಾತು ಮುಗಿಯುವ ಹೊತ್ತಿಗೆ ಎಲೆಯ ಮೇಲೆ ಬರೀ ಮೂಳೆ ಇತ್ತು.

"ಇನ್ನೊಂದು!" ಅಂದ ಗುಡಾಣಮಲ್ಲ. ಅಂದವನೇ ಬೆರಳು ನೆಕ್ಕಿದ, ಅಂಗೈ ನೆಕ್ಕಿದ, ಮುಂಗೈ ನೆಕ್ಕಿದ, ಮೊಣಕೈವರೆಗೂ ನೆಕ್ಕಿದ. ಚೈತ್ರದ ಬಿಸಿಲು ಬಾಗಿಲಲ್ಲೇ ನಿಂತಿತ್ತು. ಎಲ್ಲರ ಕೈಯಲ್ಲೂ ಮಸಾಲೆ ಮೆತ್ತಿತ್ತು, ಅವನ ಕೈ ಮಾತ್ರ ನುಣ್ಣಗೆ ಒಣಗಿತು.

ಅವನ ಕಾಲು ಎದ್ದು ನಿಂತಿತು.

"ನೀರು! ಕೈಗೆ ನೀರು ಹಾಕ್ರೋ!" ಅಂತ ಕಿರುಚಿದ. ಯಾರು ಹಾಕುತ್ತಾರೆ? ಎಲ್ಲರೂ ಊಟಕ್ಕೆ ಕೂತಿದ್ದರು. ದೇವೀರಿಯ ಕಡೆ ಚಿಟಿಕೆ ಹೊಡೆಯಲು ಬೆರಳು ಎತ್ತಿದ. ಬೆರಳ ಸಂದಿಯಲ್ಲಿ ಚೂರು ಬೆಳ್ಳುಳ್ಳಿ ಕಂಡಿತು. ಅದನ್ನು ಬಾಯಿಗಿಟ್ಟುಕೊಂಡ. ಅಷ್ಟರಲ್ಲಿ ಕಾಲು ಅವನನ್ನು ದರದರ ಎಳೆದುಕೊಂಡು ಹೊಸ್ತಿಲು ದಾಟಿಸಿತು.

ಗೂಡಿನ ಬಾಗಿಲು ಒಡೆದು ಅಡುಗೆಯವರೆಲ್ಲಾ ಹೊರಗೆ ಉರುಳಿದರು. ಎಲ್ಲರಿಗಿಂತ ಮುಂದೆ, ತಲೆಯಲ್ಲಿ ಇನ್ನೂ ಒಂದು ಕೆಂಪು ಪುಕ್ಕ ಸಿಕ್ಕಿಸಿಕೊಂಡು, ಮಾಯಿಗ.

"ದೇವೀರಿ!"

"ಮಾವ!"

ಅವಳು ಅವನ ಕಡೆ ಓಡಿದಳು. ಆದರೆ ಬೆಳಗಿನಿಂದ ಪ್ರತಿ ಸಲ ಬೆಂದ ರೆಕ್ಕೆಯ ರುಚಿ ನೋಡಿದವಳು ಅವಳು. ಸಂತೋಷದಲ್ಲಿ ಕೈ ಒಣಗಿದ್ದೇ ಗೊತ್ತಾಗಲಿಲ್ಲ. ಓಡಿದ ಕಾಲು ಗಂಡನ ಹತ್ತಿರ ನಿಲ್ಲದೆ, ಅವನನ್ನು ದಾಟಿ ಹೆಬ್ಬಾಗಿಲ ಕಡೆ ತಿರುಗಿತು. ಕಣ್ಣಲ್ಲಿ ನೀರು ತುಂಬಿ "ನಿಲ್ಲಕ್ಕಾಗ್ತಿಲ್ಲ ಮಾವ!" ಅಂದಳು.

ಮಾಯಿಗ ಓಡಿಹೋಗಿ ಪಂಕ್ತಿಯ ಎಲೆಯೊಂದರಿಂದ ಒಂದು ರೆಕ್ಕೆ ಎತ್ತಿಕೊಂಡ. ಬಾಯಿಯ ತನಕ ತಂದು ತಡೆದ. ಇಷ್ಟು ಹೊತ್ತು ಹುಂಜವಾಗಿದ್ದವನಲ್ಲವೇ!

"ಗುರುತಿನೋರದ್ದಲ್ಲ ತಾನೆ?" ಅಂತ ಕೂಗಿದ.

"ಅಲ್ಲ ಕಣೋ, ತಿನ್ನು ಬೇಗ!"

ತಿಂದ. ರೆಕ್ಕೆಯ ರುಚಿ ಅವನಿಗೆ ತಿಳಿದದ್ದು ಆಗಲೇ. "ಅಯ್ಯೋ ದೇವೀರಿ, ನಾನು ಬಡಿಸಿದ್ದು ಏನು ಹಾಗಾದರೆ?" ಅಂದ. "ಚಪ್ಪಲಿ!" ಅಂದಳು. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡ, ಕಾಲು ಎದ್ದಿತು, ಓಡಿ ಅವಳ ಕೈ ಹಿಡಿದ. ಇಬ್ಬರೂ ನಗುತ್ತಾ ಅಳುತ್ತಾ ಒಟ್ಟಿಗೆ ಹೊಸ್ತಿಲು ದಾಟಿದರು. ಗಾಳಿಬೆಟ್ಟದಲ್ಲಿ ಅಜ್ಜಿ ಎರಡು ಮುದ್ದೆ ತಿರುವಿಟ್ಟುಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು.

ಅವತ್ತು ಅರಮನೆಯೇ ಖಾಲಿಯಾಯಿತು. ಹೊನ್ನರಸ ತಂಗಿಯ ಮನೆಗೆ ಹೋದ. ಬಾಗಿಲಲ್ಲಿ ನಿಂತ ಅಣ್ಣನನ್ನು ಕಂಡು ಅವಳು ಬೈಯಲು ಬಾಯಿ ತೆರೆದಳು, "ಬಾ" ಅಂತ ಬಂತು. ಮಂತ್ರಿ ಮಗಳ ಮನೆಗೆ, ದಂಡಿನವರು ತಾಯಂದಿರ ಮನೆಗೆ. ಎಲ್ಲರೂ ಉಂಡು, ನಕ್ಕು, ತಿರುಗಿ ಬಂದರು. ಅಂದಿನಿಂದ ಹುಣಿಸೆಪಟ್ಟಣದಲ್ಲಿ ನೆಂಟರ ಎಲೆಗೆ ರೆಕ್ಕೆ ಬಿದ್ದರೆ ಯಾರೂ ಮುಖ ಸಣ್ಣದು ಮಾಡುವುದಿಲ್ಲ. ಹೋದವರು ಬರುತ್ತಾರೆ ಅಂತ ಅದಕ್ಕೆ ಅರ್ಥ.

ಗುಡಾಣಮಲ್ಲನ ಕತೆಯೇನು ಅಂತೀರಾ? ಅವನು ಹೋದ ಊರಲ್ಲೆಲ್ಲಾ ಸುದ್ದಿ ಮೊದಲೇ ತಲುಪಿತ್ತು. ಅವನು ಬಾಗಿಲಿಗೆ ಬಂದರೆ ಸಾಕು, ಜನ ಮುದ್ದೆ ಬಿಟ್ಟು ರೆಕ್ಕೆಯನ್ನೇ ಕೈಗಿಡುತ್ತಿದ್ದರು. ಬೇಡ ಅನ್ನಲು ಅವನಿಂದ ಆಗುತ್ತಿರಲಿಲ್ಲ. ನಡೆದೂ ನಡೆದೂ ಹೊಟ್ಟೆ ಕರಗಿ, ಈಗ ಕಡ್ಡಿಯಾಗಿದ್ದಾನಂತೆ, ಮಂತ್ರ ಪೂರಾ ಮರೆತಿದ್ದಾನಂತೆ.

ಇಷ್ಟೆಲ್ಲಾ ನನಗೆ ಹೇಗೆ ಗೊತ್ತು ಅಂತ ಕೇಳುವವರು ಕೇಳುತ್ತಾರೆ. ಆ ಪಂಕ್ತಿಯ ಕೊನೆ ಎಲೆಯಲ್ಲಿ ನಾನೂ ಕೂತಿದ್ದೆನಲ್ಲ! ರೆಕ್ಕೆ ತಿಂದೆ, ಕೈ ಒಣಗಿತು, ಕಾಲು ಎದ್ದಿತು. ಅವತ್ತಿನಿಂದ ಊರೂರು ನಡೆಯುತ್ತಾ ಈ ಕತೆ ಹೇಳುತ್ತಿದ್ದೇನೆ. ನೀವು "ಬಾ" ಅಂದಿರಿ, ಕತೆಯೂ ಮುಗಿಯಿತು. ಇನ್ನು ಒಂದು ಮುದ್ದೆ ಇಕ್ಕಿದರೆ ಈ ಕಾಲು ಇಲ್ಲೇ ನಿಲ್ಲುತ್ತದೆ.